ಎಣ್ಣೆ ಹಡಗೂ ಯುದ್ಧದ ಹಡಗೇ: ನಿಯೋಶೋ ಮತ್ತು ಅದರಲ್ಲಿ ಸತ್ತವರು

ಪ್ರಶ್ನೆ: ನಮ್ಮದು ರಾಣೆಬೆನ್ನೂರು, ಬೀಜದ ಅಂಗಡಿ ಇದೆ. ಮಗ ಧಾರವಾಡದಲ್ಲಿ ಕೋಚಿಂಗ್ ಮುಗಿಸಿ ನೌಕಾಪಡೆ ಸೇರಿದ. ಈಗ ಬೇರೆ ಹಡಗುಗಳಿಗೆ ಎಣ್ಣೆ ಕೊಡುವ ಟ್ಯಾಂಕರಿಗೆ ಹಾಕಿದ್ದಾರೆ. ಊರಲ್ಲಿ ಕೇಳಿದವರೆಲ್ಲ "ಎಣ್ಣಿ ಹಡಗು ಹೌದಲ್ಲೋ, ಯುದ್ಧದ್ದೇನಲ್ಲ ಬಿಡು" ಅಂತಾರೆ. ಅವನಿಗೆ ಬೇಜಾರು. ಹೋದ ಸಲ ರಜೆಗೆ ಬಂದಾಗ ಅಮೆರಿಕದ ನಿಯೋಶೋ ಅನ್ನುವ ಹಡಗಿನ ವಿಷಯ ತೆಗೆದ. ಅವನ ತಾಯಿ ಅಲ್ಲೇ ಕೂತಿದ್ದರಿಂದ ಅರ್ಧಕ್ಕೇ ನಿಲ್ಲಿಸಿದ. ಆ ಹಡಗಿಗೆ ಏನಾಯಿತು? ಇಂಥ ಹಡಗುಗಳಲ್ಲಿ ಸತ್ತವರನ್ನು ಯೋಧರು ಅಂತ ಲೆಕ್ಕಕ್ಕೆ ಹಿಡಿಯುತ್ತಾರಾ? ನಮ್ಮ ಹುಡುಗನಿಗೆ ಅಪಾಯ ಎಷ್ಟು?

ಉತ್ತರ: ಊರವರ ಮಾತಿನಿಂದಲೇ ಶುರು ಮಾಡೋಣ. ನಿಮ್ಮ ಮಗ ಇರುವುದು ಯುದ್ಧಕ್ಕೆ ಹೋಗುವ ಹಡಗಿನಲ್ಲೇ. ಹೆಸರಿನ ಮುಂದೆ ಐಎನ್‌ಎಸ್, ಅಂದರೆ ಭಾರತೀಯ ನೌಕಾಪಡೆಯ ಹಡಗು ಅಂತ ಇದೆ, ಹಾರುವ ಬಾವುಟ ಅದೇ, ಹಾಕುವ ಸಮವಸ್ತ್ರ ಅದೇ. ನಾನು ನೌಕಾಪಡೆಯ ಬಾಯ್ಲರ್ ರೂಮಿನಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಧಾರವಾಡದಲ್ಲಿ ನೆಲೆಸಿದವನು. ಈ ಮಾತು ನನ್ನ ಕಿವಿಗೂ ಬಿದ್ದಿದೆ, ಬಿದ್ದಾಗಲೆಲ್ಲ ನೋವಾಗಿದೆ. ಆಡುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಸೈನ್ಯ ಅಂದರೆ ಭೂಸೇನೆ. ಗಡಿ ಕಾದು ಬಂದವರು ಹಳ್ಳಿಹಳ್ಳಿಯಲ್ಲಿ ಇದ್ದಾರೆ, ಅವರ ಬಾಯಿಂದ ಕಥೆ ಕೇಳಿದ್ದೇವೆ. ಹಡಗಿನಲ್ಲಿ ದುಡಿದವರು ಕಡಿಮೆ, ಅದರಲ್ಲೂ ಹಡಗಿನ ಹೊಟ್ಟೆಯೊಳಗೆ ದುಡಿದವರು ಇನ್ನೂ ಕಡಿಮೆ.

ಕಾರವಾರಕ್ಕೆ ಹೋದವರು ಕಡಲತೀರದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ನೋಡಿರುತ್ತಾರೆ. ನಮ್ಮ ಕಡೆಯ ಶಾಲಾ ಮಕ್ಕಳನ್ನೂ ಅಲ್ಲಿಗೆ ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಅದು ಕ್ಷಿಪಣಿ ದೋಣಿ. ಅದೇ ಜಾತಿಯ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಬಿದ್ದವು. ಡಿಸೆಂಬರ್ 4ನ್ನು ನೌಕಾಪಡೆ ದಿನ ಅಂತ ಆಚರಿಸುವುದು ಅದಕ್ಕೇ. ಆದರೆ ಈ ದೋಣಿಗಳು ಚಿಕ್ಕವು, ದಡದ ಹತ್ತಿರ ಇದ್ದು ಬಂದರು ಕಾಯಲು ಕಟ್ಟಿದಂಥವು. ದೂರ ಹೋಗಿ ಹೊಡೆದು ತಿರುಗಿ ಬರಲು ಎಣ್ಣೆಯದೇ ದೊಡ್ಡ ಚಿಂತೆ. ಹಾಗಾಗಿ ಆ ತಂಡದಲ್ಲಿ ಕಿಲ್ತಾನ್, ಕಚ್ಚಾಲ್ ಎಂಬ ಕಾವಲು ಹಡಗುಗಳ ಜೊತೆಗೆ ಪೋಷಕ್ ಎಂಬ ಒಂದು ಟ್ಯಾಂಕರ್ ಕೂಡ ಇತ್ತು. ನೌಕಾಪಡೆ ದಿನದ ಭಾಷಣಗಳಲ್ಲಿ ಮೂರು ದೋಣಿಗಳ ಹೆಸರು ಬರುತ್ತದೆ. ಪೋಷಕ್ ಹೆಸರು ಬರುವುದು ತೀರಾ ಅಪರೂಪ.

ಅದಾದ ನಾಲ್ಕು ದಿನಕ್ಕೆ, 8ರ ರಾತ್ರಿ, ವಿನಾಶ್ ಎಂಬ ಇನ್ನೊಂದು ದೋಣಿ ಮತ್ತೆ ಕರಾಚಿಗೆ ಹೋಯಿತು. ಅವತ್ತು ಹಾರಿಸಿದ ಕ್ಷಿಪಣಿಗಳಿಗೆ ಕರಾಚಿ ಬಂದರಿನ ಕೆಮಾರಿಯಲ್ಲಿದ್ದ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಪಾಕಿಸ್ತಾನ ನೌಕಾಪಡೆಯ ಢಾಕಾ ಎಂಬ ಟ್ಯಾಂಕರ್ ಪೂರಾ ಕೆಟ್ಟುಹೋಯಿತು. ಎದುರಾಳಿಯ ಎಣ್ಣೆ ಹಡಗಿಗೆ ಪೆಟ್ಟು ಬಿದ್ದರೆ ನಾವು ಅದನ್ನು ಗೆಲುವು ಅಂತ ಬರೆದುಕೊಳ್ಳುತ್ತೇವೆ. ಹಾಗಿದ್ದ ಮೇಲೆ ನಮ್ಮ ಎಣ್ಣೆ ಹಡಗು ಯುದ್ಧದ್ದಲ್ಲ ಅನ್ನುವುದು ಹೇಗೆ?

ಇನ್ನು ನಿಯೋಶೋ. ನಿಮ್ಮ ಮಗ ನಿಲ್ಲಿಸಿದ್ದನ್ನು ನಾನು ಪೂರ್ತಿ ಹೇಳುತ್ತೇನೆ. ಸ್ವಲ್ಪ ಗಟ್ಟಿ ಮನಸ್ಸು ಮಾಡಿ ಓದಿ.

1930ರ ದಶಕದ ಕೊನೆಯಲ್ಲಿ ಅಮೆರಿಕದವರಿಗೆ ಒಂದು ಚಿಂತೆ ಹತ್ತಿತ್ತು. ಪೆಸಿಫಿಕ್ ಸಾಗರ ಅಷ್ಟು ದೊಡ್ಡದು, ಜಪಾನಿನ ಜೊತೆ ಯುದ್ಧವಾದರೆ ನಡುನೀರಿನಲ್ಲಿ ಎಣ್ಣೆ ಎಲ್ಲಿಂದ ತರುವುದು? ಆಗಿನ ಟ್ಯಾಂಕರುಗಳು ನಿಧಾನ. ವೇಗದ ಯುದ್ಧನೌಕೆಗಳ ಜೊತೆ ಹೆಜ್ಜೆ ಹಾಕಲು ಅವಕ್ಕೆ ಆಗುತ್ತಿರಲಿಲ್ಲ. ಅದಕ್ಕೆ ಗಂಟೆಗೆ 18 ನಾಟಿಕಲ್ ಮೈಲಿ ಓಡುವ ಹೊಸ ಟ್ಯಾಂಕರುಗಳನ್ನು ಕಟ್ಟಿಸಿದರು. ಅದರಲ್ಲೊಂದು ನಿಯೋಶೋ. ಕಾನ್ಸಾಸ್ ಕಡೆಯ ಒಂದು ನದಿಯ ಹೆಸರು ಅದಕ್ಕೆ. 1939ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಉದ್ದ ಸುಮಾರು 168 ಮೀಟರ್. ಹೊಟ್ಟೆಯಲ್ಲಿ 1,47,000 ಬ್ಯಾರೆಲ್ ಎಣ್ಣೆ ಹಿಡಿಯುತ್ತಿತ್ತು.

1941ರ ಡಿಸೆಂಬರ್ 7ರ ಬೆಳಗ್ಗೆ ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಿದ್ದಾಗ ನಿಯೋಶೋ ಅಲ್ಲೇ ಇತ್ತು, ದೊಡ್ಡ ದೊಡ್ಡ ಯುದ್ಧನೌಕೆಗಳ ಸಾಲಿನ ಮಧ್ಯದಲ್ಲೇ. ವಿಮಾನದ ಪೆಟ್ರೋಲನ್ನು ದಡದ ಟ್ಯಾಂಕುಗಳಿಗೆ ಇಳಿಸಿ ಆಗಷ್ಟೇ ಮುಗಿಸಿತ್ತು. ಪೆಟ್ರೋಲ್ ತೆಗೆದ ಟ್ಯಾಂಕಿನಲ್ಲಿ ಉಳಿಯುವ ಆವಿ ಪೆಟ್ರೋಲಿಗಿಂತ ಹೆಚ್ಚು ಅಪಾಯ, ಇದು ಟ್ಯಾಂಕರಿನಲ್ಲಿ ದುಡಿದವರಿಗೆಲ್ಲ ಗೊತ್ತು. ಒಂದು ಕಿಡಿ ಬಿದ್ದಿದ್ದರೆ ಅಕ್ಕಪಕ್ಕದ ಹಡಗುಗಳೂ ಹೋಗುತ್ತಿದ್ದವು. ಕ್ಯಾಪ್ಟನ್ ಜಾನ್ ಫಿಲಿಪ್ಸ್ ಕಾಯಲಿಲ್ಲ. ಹಗ್ಗಗಳನ್ನು ಕೊಡಲಿಯಿಂದ ಕಡಿಸಿ, ಮಗುಚಿ ಬಿದ್ದಿದ್ದ ಒಕ್ಲಹೋಮಾ ನೌಕೆಯ ಪಕ್ಕದಿಂದ ಹಡಗನ್ನು ಹಿಂದಕ್ಕೆ ತೆಗೆದರು. ಜನ ಗನ್‌ಗಳಿಂದ ಗುಂಡು ಹಾರಿಸುತ್ತಲೇ ಇದ್ದರು. ಮೂವರಿಗೆ ಗಾಯವಾಯಿತು, ಹಡಗು ಉಳಿಯಿತು.

ಅಲ್ಲಿಂದ ಐದು ತಿಂಗಳಿಗೆ ಕೋರಲ್ ಸಮುದ್ರ. ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಸಮುದ್ರ ಅದು. ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿ ಹಿಡಿಯಲು ಜಪಾನ್ ಹೊರಟಿತ್ತು. ತಡೆಯಲು ಅಮೆರಿಕದ ಯಾರ್ಕ್‌ಟೌನ್, ಲೆಕ್ಸಿಂಗ್ಟನ್ ಎಂಬ ಎರಡು ವಿಮಾನವಾಹಕ ನೌಕೆಗಳು ಬಂದಿದ್ದವು. 1942ರ ಮೇ 6ರಂದು ನಿಯೋಶೋ ಯಾರ್ಕ್‌ಟೌನಿಗೂ ಅಸ್ಟೋರಿಯಾ ಎಂಬ ಕ್ರೂಸರಿಗೂ (ದೊಡ್ಡ ಯುದ್ಧನೌಕೆ) ಎಣ್ಣೆ ಕೊಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಊರಲ್ಲಿ ಯಾರಿಗೂ ಗೊತ್ತಿಲ್ಲದ, ನಿಮ್ಮ ಮಗ ದಿನಾ ಮಾಡುವ ಕೆಲಸ ಇದೇ. ಹುಬ್ಬಳ್ಳಿ–ಹಾವೇರಿ ಹೈವೇಯಲ್ಲಿ ಎರಡು ಲಾರಿಗಳು ಅಕ್ಕಪಕ್ಕದಲ್ಲಿ, ಒಂದೇ ವೇಗದಲ್ಲಿ ಓಡುತ್ತಲೇ ಒಂದರಿಂದ ಇನ್ನೊಂದಕ್ಕೆ ಪೈಪಿನಲ್ಲಿ ಡೀಸೆಲ್ ಹಾಯಿಸುವುದನ್ನು ಯೋಚಿಸಿ ನೋಡಿ. ಸಮುದ್ರದಲ್ಲಿ ರಸ್ತೆಯೂ ಅಲುಗಾಡುತ್ತದೆ. ಎರಡು ಹಡಗುಗಳ ನಡುವೆ ಮೂವತ್ತು ನಲವತ್ತು ಮೀಟರ್ ಅಂತರ ಇರುತ್ತದೆ. ಮಧ್ಯದ ನೀರು ಕುದಿಯುವ ಹಾಗೆ ಎದ್ದು ಬೀಳುತ್ತದೆ, ಆ ನೀರೇ ಎರಡೂ ಹಡಗುಗಳನ್ನು ಒಂದರ ಕಡೆಗೊಂದು ಎಳೆಯುತ್ತದೆ. ಮೊದಲು ತೆಳು ಹಗ್ಗ ಎಸೆಯುತ್ತಾರೆ, ಅದರ ಹಿಂದೆ ದಪ್ಪ ಹಗ್ಗ, ಆಮೇಲೆ ಉಕ್ಕಿನ ತಂತಿ, ಆ ತಂತಿಗೆ ತೂಗುಹಾಕಿದ ಎಣ್ಣೆಯ ಪೈಪು. ಚುಕ್ಕಾಣಿ ಹಿಡಿದವನು ಕಣ್ಣು ಮಿಟುಕಿಸುವ ಹಾಗಿಲ್ಲ. ಗಂಟೆಗಟ್ಟಲೆ ನೇರ ದಾರಿ, ಒಂದೇ ವೇಗ. ಆ ಹೊತ್ತಿನಲ್ಲಿ ವೈರಿಯ ವಿಮಾನವೋ ಜಲಾಂತರ್ಗಾಮಿಯೋ ಬಂದರೆ ತಿರುಗಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಇದನ್ನು ಬಲ್ಲವರು ಯಾರೂ ಟ್ಯಾಂಕರ್ ಕೆಲಸವನ್ನು ಹಗುರವಾಗಿ ಮಾತಾಡುವುದಿಲ್ಲ.

ಎಣ್ಣೆ ಕೊಟ್ಟಾದ ಮೇಲೆ ನಿಯೋಶೋವನ್ನು ಯುದ್ಧದ ಜಾಗದಿಂದ ದೂರ, ದಕ್ಷಿಣಕ್ಕೆ ಕಳಿಸಿದರು. ಕಾವಲಿಗೆ ಸಿಮ್ಸ್ ಎಂಬ ಒಂದೇ ಒಂದು ಡಿಸ್ಟ್ರಾಯರ್, ಅಂದರೆ ಕ್ರೂಸರಿಗಿಂತ ಚಿಕ್ಕ, ವೇಗದ ಯುದ್ಧನೌಕೆ. ಮೇ 7ರ ಬೆಳಗ್ಗೆ ಜಪಾನಿನ ಹುಡುಕು ವಿಮಾನ ಈ ಎರಡನ್ನು ಕಂಡಿತು. ಮೇಲಿನಿಂದ ಉದ್ದನೆಯ ಟ್ಯಾಂಕರ್ ವಿಮಾನವಾಹಕದ ಹಾಗೆ ಕಂಡಿರಬೇಕು. "ಒಂದು ವಿಮಾನವಾಹಕ, ಒಂದು ಕ್ರೂಸರ್" ಅಂತ ಸುದ್ದಿ ಹೋಯಿತು. ಶೋಕಾಕು, ಜುಯಿಕಾಕು ಎಂಬ ಜಪಾನಿನ ಎರಡು ದೊಡ್ಡ ವಿಮಾನವಾಹಕಗಳಿಂದ 78 ವಿಮಾನಗಳು ಎದ್ದವು. ಬಂದು ನೋಡಿದರೆ ಟ್ಯಾಂಕರ್. ಸುತ್ತಮುತ್ತ ವಿಮಾನವಾಹಕ ಎಲ್ಲಾದರೂ ಇದೆಯಾ ಅಂತ ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ. ಕೊನೆಗೆ ಮಧ್ಯಾಹ್ನದ ಹೊತ್ತಿಗೆ 36 ಡೈವ್ ಬಾಂಬರ್‌ಗಳು, ಅಂದರೆ ಮೇಲಿನಿಂದ ಕಡಿದಾಗಿ ಎರಗಿ ಬಾಂಬ್ ಹಾಕುವ ವಿಮಾನಗಳು, ಈ ಎರಡೇ ಹಡಗುಗಳ ಮೇಲೆ ಬಿದ್ದವು.

ಸಿಮ್ಸ್‌ಗೆ ಮೂರು ಬಾಂಬ್ ಬಿತ್ತು. ನಡು ಮುರಿದು ಕೆಲವೇ ನಿಮಿಷದಲ್ಲಿ ಮುಳುಗಿತು. ಅದರ ನೂರಾರು ಜನರಲ್ಲಿ ಉಳಿದವರು ಹದಿನೈದರ ಆಸುಪಾಸು. ನಿಯೋಶೋ ಮೇಲೆ ಏಳು ಬಾಂಬ್ ಬಿದ್ದವು. ಪೆಟ್ಟು ತಿಂದ ಒಂದು ವಿಮಾನವೂ ಅದರ ಮೇಲೆಯೇ ಬಂದು ಅಪ್ಪಳಿಸಿತು. ಡೆಕ್ ತುಂಬ ಬೆಂಕಿ. ಎಂಜಿನ್ ನಿಂತಿತು, ಹಡಗು ಬಲಕ್ಕೆ ವಾಲಿತು. ಆದರೂ ಮುಳುಗಲಿಲ್ಲ. ಟ್ಯಾಂಕರಿನ ಹೊಟ್ಟೆ ಹತ್ತಾರು ಗೂಡುಗಳಾಗಿ ಭಾಗ ಆಗಿರುತ್ತದೆ. ಎಣ್ಣೆ ನೀರಿಗಿಂತ ಹಗುರ, ಖಾಲಿಯಾದ ಗೂಡುಗಳಲ್ಲಿ ಗಾಳಿ. ಹಿಂದಿನ ದಿನ ಬೇರೆಯವರಿಗೆ ಎಣ್ಣೆ ಕೊಟ್ಟು ಖಾಲಿ ಮಾಡಿಕೊಂಡ ಗೂಡುಗಳೂ ಅದನ್ನು ತೇಲಿಸಿ ಹಿಡಿದವು.

ಬಾಯ್ಲರ್ ರೂಮಿನ ವಿಷಯ ನಾನು ಹೇಳಲೇಬೇಕು, ಅದು ನಾನು ಬಲ್ಲ ಜಾಗ. ಎಂಜಿನ್ ಓಡಿಸಲು ಬಾಯ್ಲರಿನಿಂದ ಹೊರಟ ಉಗಿಯ ದಪ್ಪ ಪೈಪು ಉಕ್ಕಿನ ಗೋಡೆಗಳನ್ನು ದಾಟಿಕೊಂಡು ಹೋಗುತ್ತದೆ. ಗೋಡೆ ದಾಟುವ ಕಡೆ ಒಂದು ವಾಲ್ವ್ ಇರುತ್ತದೆ. ಒಂದು ಕಡೆ ಪೈಪು ಒಡೆದರೆ ಆ ವಾಲ್ವ್ ಮುಚ್ಚಬೇಕು. ಮುಚ್ಚದಿದ್ದರೆ ಉಳಿದ ಕಡೆಯ ಉಗಿಯೂ ಅದೇ ತೂತಿನಿಂದ ಹೊರಗೆ ಹೋಗಿ ಇಡೀ ಹಡಗು ಸತ್ತ ಹಾಗೆ. ಮುಚ್ಚುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. ಕಬ್ಬಿಣದ ಚಕ್ರ, ಸುತ್ತು ಮೇಲೆ ಸುತ್ತು ತಿರುಗಿಸುತ್ತಲೇ ಇರಬೇಕು. ಆ ಚಕ್ರವೇ ಕಾದಿರುತ್ತದೆ. ನಾವು ಅಡುಗೆಮನೆಯಲ್ಲಿ ನೋಡುವ ಬೆಳ್ಳಗಿನ ಆವಿ ಅಲ್ಲ ಅದು. ತುಂಬ ಕಾದ ಉಗಿ ಕಣ್ಣಿಗೇ ಕಾಣುವುದಿಲ್ಲ. ಸದ್ದು ಮಾತ್ರ ಕೇಳುತ್ತದೆ, ಮೈಗೆ ತಾಗಿದಾಗಲೇ ಎಲ್ಲಿದೆ ಅಂತ ಗೊತ್ತಾಗುವುದು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಉಗಿ ಎಂಜಿನ್ ಕಾಲದಲ್ಲಿ ದುಡಿದ ಹಿರಿಯರು ಯಾರಾದರೂ ಸಿಕ್ಕರೆ ಕೇಳಿ ನೋಡಿ, ಉಗಿಯ ಸುಟ್ಟಗಾಯ ಎಂಥದ್ದು ಅಂತ ಅವರು ಹೇಳುತ್ತಾರೆ.

ನಿಯೋಶೋದಲ್ಲಿ ಆಸ್ಕರ್ ಪೀಟರ್ಸನ್ ಅಂತ ಒಬ್ಬರಿದ್ದರು. ವಿಸ್ಕಾನ್ಸಿನ್ ರಾಜ್ಯದವರು, ವಯಸ್ಸು 42. ಇಪ್ಪತ್ತು ವರ್ಷಕ್ಕೂ ಜಾಸ್ತಿ ನೌಕಾಪಡೆಯಲ್ಲಿ ದುಡಿದಿದ್ದರು. ಬಾಯ್ಲರ್ ನೋಡಿಕೊಳ್ಳುವವರ ಮುಖ್ಯಸ್ಥ. ಬಾಂಬ್ ಬಿದ್ದಾಗ ಅವರ ದುರಸ್ತಿ ತಂಡದವರಿಗೆಲ್ಲ ಗಾಯವಾಗಿ ಸಹಾಯಕ್ಕೆ ಯಾರೂ ಉಳಿಯಲಿಲ್ಲ. ಅವರ ಮೈಯೂ ಆಗಲೇ ಬೆಂದಿತ್ತು. ಆ ಸ್ಥಿತಿಯಲ್ಲಿ ಹೋಗಿ ಆ ವಾಲ್ವ್‌ಗಳನ್ನು ಒಬ್ಬರೇ ಮುಚ್ಚಿದರು. ಮುಚ್ಚುವಾಗ ಮತ್ತಷ್ಟು ಬೆಂದರು. ಕೆಲವು ದಿನಗಳಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಸೈನಿಕರಿಗೆ ಕೊಡುವ ಅತಿ ದೊಡ್ಡ ಗೌರವವಾದ ಮೆಡಲ್ ಆಫ್ ಆನರ್ ಅವರಿಗೆ ಬಂತು. ಒಂದು ಯುದ್ಧನೌಕೆಗೆ ಪೀಟರ್ಸನ್ ಅಂತ ಹೆಸರಿಟ್ಟರು. ಆದರೆ ಆ ಪದಕವನ್ನು ಸಭೆ ಕರೆದು, ಗೌರವದಿಂದ ಅವರ ಮಗನ ಕೈಗೆ ಕೊಟ್ಟಿದ್ದು 2010ರಲ್ಲಿ. 68 ವರ್ಷ! ಆ ಮಗ ಆಗ ಎಷ್ಟು ಮುದುಕರಾಗಿದ್ದಿರಬೇಕು ಲೆಕ್ಕ ಹಾಕಿ. ಬಾಯ್ಲರ್ ರೂಮಿನವರ ವಿಷಯಕ್ಕೆ ಬಂದರೆ ನೆನಪು ನಿಧಾನ, ಎಲ್ಲ ದೇಶದಲ್ಲೂ.

ಈಗ ಕಷ್ಟದ ಭಾಗ. ನಿಯೋಶೋದಲ್ಲಿ ಸತ್ತವರಲ್ಲಿ ಹೆಚ್ಚಿನವರು ಬಾಂಬಿಗೆ ಸತ್ತವರಲ್ಲ. ಹಡಗು ಬಿಡಲು ತಯಾರಾಗಿ ಅಂತ ಕ್ಯಾಪ್ಟನ್ ಆದೇಶ ಕೊಟ್ಟರು. ತಯಾರಾಗಿ ಅಂದರೆ ತಯಾರಾಗಿ, ಅಷ್ಟೇ. ಬೆಂಕಿ, ಹೊಗೆ, ಸದ್ದಿನ ಮಧ್ಯೆ ಅದು "ಹಾರಿ" ಅಂತ ಹರಡಿತು. ಸಿಮ್ಸ್ ಮುಳುಗಿದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ನಮ್ಮದೂ ಈಗಲೇ ಹೋಗುತ್ತದೆ ಅಂದುಕೊಂಡು ಬಹಳ ಜನ ಸಮುದ್ರಕ್ಕೆ ಹಾರಿದರು. ತೆಪ್ಪಗಳನ್ನೂ ನೀರಿಗೆ ಬಿಟ್ಟುಬಿಟ್ಟರು, ಅವು ತೇಲಿಕೊಂಡು ದೂರ ಹೋದವು. ಕೆಲವರನ್ನು ದೋಣಿಗಳಲ್ಲಿ ವಾಪಸ್ ಎತ್ತಿಕೊಂಡರು. ಕತ್ತಲಾದ ಮೇಲೆ ಉಳಿದವರು ಕಣ್ಣಿಗೆ ಬೀಳಲಿಲ್ಲ. ಸುಮಾರು 290 ಜನರ ಹಡಗದು. ತಲೆ ಎಣಿಸಿದಾಗ 150ಕ್ಕೂ ಹೆಚ್ಚು ಜನ ಕಾಣೆಯಾಗಿದ್ದರು. ಅವರನ್ನು ಹೇಡಿಗಳು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕಾಲ ಕೆಳಗೆ ಸಾವಿರಾರು ಟನ್ ಎಣ್ಣೆ ಇದ್ದು, ತಲೆ ಮೇಲೆ ಬೆಂಕಿ ಇದ್ದಾಗ ಸಮುದ್ರವೇ ವಾಸಿ ಅನ್ನಿಸುವುದು ಮನುಷ್ಯರಿಗೆ ಸಹಜ.

ಇದರ ಮೇಲೆ ಇನ್ನೊಂದು ಏಟು. ರೇಡಿಯೋದಲ್ಲಿ ತಮ್ಮ ಜಾಗ ತಿಳಿಸಿದರು, ಆದರೆ ಲೆಕ್ಕ ತಪ್ಪಿತ್ತು. ಹುಡುಕಲು ಬಂದವರು ತಪ್ಪು ಜಾಗದಲ್ಲಿ ಹುಡುಕಿದರು. ನಾಲ್ಕು ದಿನ ಆ ವಾಲಿದ, ಸುಟ್ಟ ಹಡಗಿನಲ್ಲಿ ಗಾಯಾಳುಗಳನ್ನು ಇಟ್ಟುಕೊಂಡು ಉಳಿದವರು ತೇಲಿದರು. ಸತ್ತವರನ್ನು ಅಲ್ಲಿಂದಲೇ ಸಮುದ್ರಕ್ಕೆ ಒಪ್ಪಿಸಿದರು. ಮೇ 11ರಂದು ವಿಮಾನವೊಂದರ ಕಣ್ಣಿಗೆ ಬಿದ್ದರು. ಹೆನ್ಲಿ ಎಂಬ ಡಿಸ್ಟ್ರಾಯರ್ ಬಂದು 123 ಜನರನ್ನು ಹತ್ತಿಸಿಕೊಂಡಿತು, ಸಿಮ್ಸ್‌ನಿಂದ ಉಳಿದವರೂ ಅವರಲ್ಲಿದ್ದರು. ಆಮೇಲೆ ನಿಯೋಶೋವನ್ನು ಹೆನ್ಲಿಯೇ ಹೊಡೆದು ಮುಳುಗಿಸಿತು.

ತೆಪ್ಪದವರ ಕಥೆಯೇ ಬೇರೆ. ಹಾರಿದವರಲ್ಲಿ 68 ಜನ ತೆಪ್ಪಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಒಟ್ಟಿಗೆ ಇದ್ದರು. ಕುಡಿಯಲು ನೀರಿಲ್ಲ, ನೆತ್ತಿ ಸುಡುವ ಬಿಸಿಲು. ಸುಮಾರು ಒಂಬತ್ತು ದಿನವಾದ ಮೇಲೆ ಹೆಲ್ಮ್ ಎಂಬ ಹಡಗು ಅವರನ್ನು ಕಂಡಾಗ ಬದುಕಿದ್ದವರು ನಾಲ್ವರು. ಆ ನಾಲ್ವರಲ್ಲೂ ಇಬ್ಬರು ಬೇಗ ತೀರಿಕೊಂಡರು. ನಿಮ್ಮ ಮಗ ತಾಯಿ ಎದುರಿಗೆ ಮಾತು ನಿಲ್ಲಿಸಿದ್ದು ಇದಕ್ಕೇ ಇರಬೇಕು. ಹುಡುಗ ಸೂಕ್ಷ್ಮ ಇದ್ದಾನೆ.

ಆದರೆ ಇಷ್ಟಕ್ಕೇ ಬಿಟ್ಟರೆ ಅವರಿಗೆ ಅನ್ಯಾಯವಾಗುತ್ತದೆ. ಅವತ್ತು ಅದೇ ಹೊತ್ತಿನಲ್ಲಿ ಇನ್ನೊಂದು ಕಡೆ ಏನು ನಡೆದಿತ್ತು ನೋಡಿ. ಅಮೆರಿಕದ ಎರಡೂ ವಿಮಾನವಾಹಕಗಳ ವಿಮಾನಗಳು ಶೋಹೋ ಎಂಬ ಜಪಾನಿನ ಚಿಕ್ಕ ವಿಮಾನವಾಹಕದ ಮೇಲೆ ದಾಳಿಗೆ ಹೋಗಿದ್ದವು. ಅದನ್ನು ಮುಳುಗಿಸಿಯೂ ಬಿಟ್ಟವು. ಆ ಯುದ್ಧದಲ್ಲಿ ಜಪಾನ್ ಕಳೆದುಕೊಂಡ ಮೊದಲ ವಿಮಾನವಾಹಕ ಅದು. ತಮ್ಮ ವಿಮಾನಗಳು ದಾಳಿಗೆ ಹೋಗಿದ್ದರಿಂದ ಯಾರ್ಕ್‌ಟೌನ್, ಲೆಕ್ಸಿಂಗ್ಟನ್ ಮೇಲೆ ಕಾವಲು ಕಡಿಮೆ ಇತ್ತು. ಆ 78 ವಿಮಾನಗಳು ಬಂದು ಬೀಳಬೇಕಿದ್ದದ್ದು ಅವುಗಳ ಮೇಲೆ. ಅರ್ಧ ದಿನ ಅವು ಒಂದು ಟ್ಯಾಂಕರಿನ ಸುತ್ತ ಕಳೆದವು. ಮಾರನೇ ದಿನ ಮೇ 8ರಂದು ಎರಡೂ ಕಡೆಯವರು ನೇರವಾಗಿ ಹೊಡೆದಾಡಿದರು. ಲೆಕ್ಸಿಂಗ್ಟನ್ ಮುಳುಗಿತು, ಯಾರ್ಕ್‌ಟೌನಿಗೆ ಪೆಟ್ಟಾಯಿತು. ಆದರೆ ಶೋಕಾಕುವಿಗೂ ಭಾರೀ ಪೆಟ್ಟು ಬಿತ್ತು, ಜುಯಿಕಾಕು ತುಂಬ ವಿಮಾನಗಳನ್ನು ಕಳೆದುಕೊಂಡಿತು. ಪೋರ್ಟ್ ಮೋರ್ಸ್‌ಬಿಗೆ ಹೊರಟ ಜಪಾನಿನ ಸೈನಿಕರ ಹಡಗುಗಳು ವಾಪಸ್ ತಿರುಗಿದವು. ಮುಂದಿನ ತಿಂಗಳು ಪೆಸಿಫಿಕ್ ನಡುವಿನ ಮಿಡ್‌ವೇ ದ್ವೀಪದ ಹತ್ತಿರ ನಡೆದ ಯುದ್ಧಕ್ಕೆ ಜಪಾನಿನ ಆ ಎರಡೂ ಹಡಗುಗಳು ಬರಲಾಗಲಿಲ್ಲ, ಯಾರ್ಕ್‌ಟೌನ್ ಬಂತು. ಇದೆಲ್ಲ ನಿಯೋಶೋ ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಮೇ 7ರ ಏಟನ್ನು ವಿಮಾನವಾಹಕಗಳ ಬದಲಿಗೆ ಅದು ತಿಂದಿತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆ ಹಡಗಿಗೆ ಎರಡು ಬ್ಯಾಟಲ್ ಸ್ಟಾರ್ ಕೊಟ್ಟರು, ಅಂದರೆ ಯುದ್ಧದಲ್ಲಿ ಸೇವೆ ಮಾಡಿದ್ದಕ್ಕೆ ಕೊಡುವ ಗುರುತು. ಫಿಲಿಪೈನ್ಸ್‌ನ ಮನಿಲಾದಲ್ಲಿ ಅಮೆರಿಕದ ಸೈನಿಕರ ಸ್ಮಶಾನವಿದೆ. ಪೆಸಿಫಿಕ್‌ನಲ್ಲಿ ಕಾಣೆಯಾದ 36,000ಕ್ಕೂ ಹೆಚ್ಚು ಜನರ ಹೆಸರನ್ನು ಅಲ್ಲಿನ ಗೋಡೆಗಳ ಮೇಲೆ ಕೆತ್ತಿದ್ದಾರೆ. ನಿಯೋಶೋದಿಂದ ಕಾಣೆಯಾದವರ ಹೆಸರುಗಳೂ ಅದರಲ್ಲಿವೆ.

ನಮ್ಮಲ್ಲಿ ಹೇಗೆ ಅಂತ ಕೇಳಿದ್ದೀರಿ. ನೌಕಾಪಡೆಯ ಟ್ಯಾಂಕರಿನಲ್ಲಿ ಇರುವವನು ನೌಕಾಪಡೆಯ ಸೈನಿಕನೇ, ಅದರಲ್ಲಿ ಎರಡು ಮಾತಿಲ್ಲ. ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಮೂರೂ ಪಡೆಗಳ 25,000ಕ್ಕೂ ಹೆಚ್ಚು ಹುತಾತ್ಮರ ಹೆಸರುಗಳಿವೆ. ಯಾವ ಹಡಗು, ಏನು ಕೆಲಸ ಅಂತ ಅಲ್ಲಿ ಮೇಲು ಕೀಳು ಮಾಡುವುದಿಲ್ಲ. ಇವರಿಗಿಂತ ಹೆಚ್ಚು ಮರೆತುಹೋದವರು ಇನ್ನೂ ಇದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸರಕು ಮತ್ತು ಎಣ್ಣೆ ಹೊತ್ತ ಬ್ರಿಟಿಷ್ ಹಡಗುಗಳ ಎಂಜಿನ್ ರೂಮುಗಳಲ್ಲಿ ದುಡಿದ ಸಾವಿರಾರು ಭಾರತೀಯರು. ಅವರಿಗೆ ಸಮವಸ್ತ್ರವೂ ಇರಲಿಲ್ಲ. ನೀರೊಳಗಿಂದ ಬಂದು ಹಡಗಿಗೆ ಹೊಡೆದು ಸಿಡಿಯುವ ಟಾರ್ಪಿಡೊ ಬಿದ್ದರೆ ಮೊದಲು ಹೋಗುತ್ತಿದ್ದವರು ಕೆಳಗಿದ್ದ ಅವರೇ. ಆ ಯುದ್ಧದಲ್ಲಿ ಸಮುದ್ರದಲ್ಲೇ ಸತ್ತ ಸುಮಾರು 6,000 ಅವಿಭಜಿತ ಭಾರತದ ನಾವಿಕರ ಹೆಸರಿನ ಪಟ್ಟಿಯನ್ನು ಮುಂಬೈನ ಮಸ್ಜಿದ್ ಬಂದರ್ ಹತ್ತಿರ, ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ ಇಟ್ಟಿದ್ದಾರೆ. ನಿಮ್ಮ ಮಗನಿಗೆ ಮುಂಬೈಗೆ ಹೋಗುವುದು ಬಂದರೆ ಒಂದು ಸಲ ನೋಡಿಕೊಂಡು ಬರಲು ಹೇಳಿ.

ಅಪಾಯದ ಪ್ರಶ್ನೆಗೆ ಸುಮ್ನೆ ಸಮಾಧಾನದ ಮಾತು ಹೇಳಿ ಕಳಿಸಲಾರೆ. ಯುದ್ಧ ಅಂತ ಬಂದರೆ ಟ್ಯಾಂಕರ್ ವೈರಿಯ ಪಟ್ಟಿಯಲ್ಲಿ ಮೇಲೇ ಇರುತ್ತದೆ. ಆದರೆ 1942ಕ್ಕೂ ಇವತ್ತಿಗೂ ಅಜಗಜಾಂತರ. ಈಗಿನ ನಮ್ಮ ದೀಪಕ್, ಶಕ್ತಿ ಹಡಗುಗಳು 2011ರಲ್ಲಿ ಸೇವೆಗೆ ಸೇರಿದಂಥವು, ಇಟಲಿಯಲ್ಲಿ ಕಟ್ಟಿಸಿದವು. ರಾಡಾರ್ ಇದೆ, ಉಪಗ್ರಹದಿಂದ ಜಾಗ ತಿಳಿಯುತ್ತದೆ. ಹಡಗು ಮುಳುಗಿದರೆ ತಾನೇ ಕಳಚಿಕೊಂಡು ತೇಲುತ್ತಾ ಜಾಗ ಸಾರುವ ಪುಟ್ಟ ರೇಡಿಯೋ ಇರುತ್ತದೆ. ನಿಯೋಶೋದಲ್ಲಿ ಇಷ್ಟು ಜನ ಸತ್ತದ್ದು ಎರಡು ಕಾರಣಕ್ಕೆ: ಜಾಗದ ಲೆಕ್ಕ ತಪ್ಪಿತು, ಆದೇಶ ತಪ್ಪಾಗಿ ಕೇಳಿತು. ಈಗ ಹಡಗುಗಳಲ್ಲಿ ಮತ್ತೆ ಮತ್ತೆ, ಬೇಜಾರಾಗುವಷ್ಟು ಡ್ರಿಲ್ ಮಾಡಿಸುವುದು ಆ ಎರಡನೆಯದಕ್ಕೇ. ಬೆಂಕಿ ಹತ್ತಿದರೆ ಯಾರು ಎಲ್ಲಿ ನಿಲ್ಲಬೇಕು, ಹಡಗು ಬಿಡುವ ಆದೇಶ ಯಾರ ಬಾಯಿಂದ, ಯಾವ ರೀತಿ ಬರುತ್ತದೆ, ಯಾವ ತೆಪ್ಪ ಯಾರದ್ದು, ಇದೆಲ್ಲ ನಿದ್ದೆಗಣ್ಣಲ್ಲೂ ಬರಬೇಕು. ಮಗ ಫೋನ್ ಮಾಡಿ "ಇವತ್ತೂ ಡ್ರಿಲ್ ಇತ್ತಪ್ಪಾ, ಸಾಕಾಗಿದೆ" ಅಂದರೆ ಅವನ ತಾಯಿಗೆ ಧೈರ್ಯವಾಗಿ ಹೇಳಿ, ಒಳ್ಳೆಯ ಹಡಗಿನಲ್ಲೇ ಇದ್ದಾನೆ ಅಂತ.

ನಿಮಗೆ ಒಂದು ಕೆಲಸವೂ ಇದೆ. ಮಗನ ಹಡಗು ಯಾವ ದಿನ ಯಾವ ಬಂದರು ಬಿಡುತ್ತದೆ, ಈಗ ಎಲ್ಲಿದೆ, ಯಾವಾಗ ವಾಪಸ್ ಬರುತ್ತದೆ ಅನ್ನುವುದನ್ನು ಅಂಗಡಿಯಲ್ಲಿ ಮಾತಾಡಬೇಡಿ. ಹೆಮ್ಮೆಯಿಂದ ಫೋಟೋ ಸಮೇತ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ. ಅವನೇ ಬಾಯ್ತಪ್ಪಿ ಹೇಳಿದರೂ ನಿಮ್ಮಲ್ಲೇ ಇರಲಿ. ಮುಂದಿನ ರಜೆಗೆ ಬಂದಾಗ ಅವನನ್ನು ಕೂರಿಸಿಕೊಂಡು ನಡುಸಮುದ್ರದಲ್ಲಿ ಎಣ್ಣೆ ಕೊಡುವುದು ಹೇಗೆ ಅಂತ ಕೇಳಿ, "ಯುದ್ಧದ್ದೇನಲ್ಲ ಬಿಡು" ಅಂದವರನ್ನೂ ಚಹಾಕ್ಕೆ ಕರೆಯಿರಿ.